ಬರ್ಕನ್‌ಹೆಡ್ ಹಡಗು

ಇಕ್ಕೆಲದ ಚಕ್ರಗಳನ್ನು ಉಗಿಯ ಬಲದಿಂದ ತಿರುಗಿಸುತ್ತ ಸಾಗುತ್ತಿದ್ದ ‘ಬರ್ಕನ್‌ಹೆಡ್’ ಎಂಬ ಆಂಗ್ಲ ಯುದ್ಧನೌಕೆಯು 1845ರಲ್ಲಿ ನೀರಿಗಿಳಿಯಿತು. ಅದರ ಒಡಲು ಕಬ್ಬಿಣದ್ದು. ಒಂದೆಡೆ ನುಗ್ಗಿದ ನೀರು ಮತ್ತೊಂದೆಡೆಗೆ ಹರಿಯದಂತೆ ಒಳಗೆ ಅಡ್ಡಗೋಡೆಗಳಿದ್ದವು. ತರುವಾಯ ಅದನ್ನು ದಂಡು ಸಾಗಿಸಲು ಅಣಿಗೊಳಿಸಿದಾಗ, ಸೈನಿಕರ ಸಂಚಾರಕ್ಕೆಂದು ಆ ಗೋಡೆಗಳನ್ನೇ ಕೊರೆದು ದಾರಿಮಾಡಿದರು.

1852ನೆಯ ಫೆಬ್ರವರಿ 26ರಂದು ಇರುಳು ಸುಮಾರು 2 ಗಂಟೆಗೆ, ದಕ್ಷಿಣ ಆಫ್ರಿಕದ ಡೇಂಜರ್ ಭೂಶಿರದ ಬಳಿ ಹಡಗು ಬಂಡೆಗೆ ತಗುಲಿತು. ನೀರು ತಡೆಯಿಲ್ಲದೆ ನುಗ್ಗಲು, ಕೆಳಗೆ ಮಲಗಿದ್ದ ಅನೇಕರು ಅಲ್ಲಿಯೇ ಮುಳುಗಿದರು. ದೋಣಿಗಳು ಸಾಲದಾಗಿ, ಸ್ತ್ರೀಯರನ್ನೂ ಮಕ್ಕಳನ್ನೂ ಮೊದಲು ಕಳುಹಿಸಿ, ಸೈನಿಕರು ದಳಪತಿ ಸೀಟನ್ನನ ಆಜ್ಞೆಯಂತೆ ಸಾಲುಗಟ್ಟಿ ನಿಂತರು. ಸ್ತ್ರೀಶಿಶುಗಳೆಲ್ಲರೂ ಉಳಿದರು, ನಾನೂರಕ್ಕೂ ಮೇಲ್ಪಟ್ಟು ಪುರುಷರು ಮಡಿದರು.

ಅವರ ಧೈರ್ಯವು ವಂದನೀಯವೇ ಸರಿ. ಆದರೆ ಅನುಕೂಲಕ್ಕಾಗಿ ರಕ್ಷೆಯನ್ನು ಕೊರೆದವರು ಒಬ್ಬರು, ಪ್ರಾಣ ತೆತ್ತವರು ಮತ್ತೊಬ್ಬರು ಎಂಬುದನ್ನು ಮರೆಯಲಾಗದು.