ಹಾಡು ನಿಂತ ಮೇಲೆ ಶುರುವಾದ ನಟನೆ

1957ರ ಬೇಸಿಗೆಯಲ್ಲಿ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ‘ವೈಲ್ಡ್ ಸ್ಟ್ರಾಬೆರೀಸ್’ ಚಿತ್ರೀಕರಿಸುವಾಗ, ಮಗನ ಪಾತ್ರದಲ್ಲಿದ್ದ ವಿಕ್ಟರ್ ಶೋಸ್ಟ್ರಮ್ ಅವರಿಗೆ 77 ವರ್ಷ. ತಾಯಿಯ ಪಾತ್ರದಲ್ಲಿದ್ದ ನೈಮಾ ವಿಫ್‌ಸ್ಟ್ರಾಂಡ್ ಅವರಿಗೆ 66. ತಾಯಿಯೇ ಮಗನಿಗಿಂತ ಹನ್ನೊಂದು ವರ್ಷ ಚಿಕ್ಕವರು! ಆದರೂ ಚಿತ್ರ ನೋಡುವಾಗ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ.

ತಾಯಿ ಮಗ ಎದುರಾಗುವ ದೃಶ್ಯ ಇರುವುದು ಕೆಲವೇ ನಿಮಿಷ. ತೊಂಬತ್ತು ದಾಟಿದ ತಾಯಿ ಒಂದು ಪೆಟ್ಟಿಗೆ ತರಿಸಿ, ಮಕ್ಕಳ ಹಳೆಯ ಆಟಿಕೆಗಳನ್ನು ಒಂದೊಂದಾಗಿ ಎತ್ತಿ, ಯಾವುದು ಯಾರದೆಂದು ಹೇಳುತ್ತಾ ಹೋಗುತ್ತಾಳೆ. ಹೆತ್ತ ಹತ್ತು ಮಕ್ಕಳಲ್ಲಿ ಉಳಿದವನು ಎದುರಿಗೆ ಕೂತ ಈ ಒಬ್ಬನೇ. ಮುಳ್ಳುಗಳೇ ಇಲ್ಲದ ಚಿನ್ನದ ಗಡಿಯಾರವೊಂದನ್ನು ತೋರಿಸಿ, ಇದನ್ನು ಮೊಮ್ಮಗನಿಗೆ ಕೊಡಬಹುದೇ ಎಂದು ಕೇಳುತ್ತಾಳೆ. ತನಗೆ ಬದುಕಿಡೀ ಚಳಿಯೇ, ಹೊಟ್ಟೆಯಲ್ಲಂತೂ ಸದಾ ಚಳಿ ಎಂದು, ಅಂಗಡಿಯ ಬಾಕಿ ಹೇಳುವಷ್ಟು ಸಲೀಸಾಗಿ ಹೇಳಿಬಿಡುತ್ತಾಳೆ. ನೈಮಾ ಇಲ್ಲಿ ಅಳುವುದಿಲ್ಲ, ದನಿ ನಡುಗಿಸುವುದಿಲ್ಲ, ಕರುಣೆ ಬೇಡುವುದಿಲ್ಲ. ಪ್ರತಿ ಮಾತಿನ ಕೊನೆಯಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಅವರಿಗೆ ಗೊತ್ತು. ಪಕ್ಕದಲ್ಲಿ ಕೂತ, ಮಗನ ಸೊಸೆಯ ಮುಖ ಬಿಳಿಚಿಕೊಳ್ಳುವುದು ಆ ಮೌನಗಳಿಂದ.

ಈ ಲೆಕ್ಕಾಚಾರ ಅವರಿಗೆ ಸಿದ್ಧಿಸಿದ್ದು ಸಿನಿಮಾದಿಂದಲ್ಲ, ಅಪೆರೆಟಾದಿಂದ. 1890ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ನೈಮಾ ಹದಿನೈದರ ಆಸುಪಾಸಿನಲ್ಲೇ ಊರೂರು ಸುತ್ತುವ ನಾಟಕ ತಂಡ ಸೇರಿದರು. ಲಂಡನ್‌ಗೆ ಹೋಗಿ ಕಂಠ ಸಾಧನೆ ಮಾಡಿದರು. 1910 ಮತ್ತು 20ರ ದಶಕಗಳಲ್ಲಿ ಸ್ವೀಡನ್ನಿನ ಅಪೆರೆಟಾ ರಂಗದಲ್ಲಿ ಅವರು ಹೆಸರಾಂತ ನಾಯಕಿ. ಅಪೆರೆಟಾ ಎಂದರೆ ಹಾಡು, ಕುಣಿತ, ನಗು, ಪ್ರೇಮ ಎಲ್ಲವೂ ಬೆರೆತ ಲಘು ಸಂಗೀತ ನಾಟಕ. ಪಂಡಿತರು ಇದನ್ನು ಹಗುರವಾಗಿ ಕಂಡದ್ದೇ ಹೆಚ್ಚು. ಆದರೆ ಅಲ್ಲಿ ನಟಿ ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಉಸಿರು ತಪ್ಪದೆ ದಾಟಬೇಕು. ನಗೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂದು ವಾದ್ಯವೃಂದದ ನಡುವೆಯೂ ಅಂದಾಜಿಸಬೇಕು. ಇಂಥ ಶಿಸ್ತು ಕಲಿಸುವ ಶಾಲೆ ಇನ್ನೊಂದು ಸಿಗುವುದು ಕಷ್ಟ.

ಸ್ವೀಡನ್ನಿನ ಹಾಡುಗಾರ್ತಿಯರಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಸಾರಾ ಲಿಯಾಂಡರ್ ಅವರನ್ನು. 1936ರಲ್ಲಿ ವಿಯೆನ್ನಾದ ರಂಗದಲ್ಲಿ ಮಿಂಚಿ, ನಾಜಿ ಕಾಲದ ಜರ್ಮನಿಯ ಉಫಾ ಸ್ಟುಡಿಯೊ ಸೇರಿ, ಅಲ್ಲಿನ ಅತಿ ದೊಡ್ಡ ತಾರೆಯಾಗಿ, 1943ರಲ್ಲಿ ತವರಿಗೆ ಮರಳಿದವರು ಅವರು. ಯೌವನ, ಕಂಠ, ಬೆಳಕು ಮೂರೂ ಕೂಡಿದಾಗ ಸಿಕ್ಕ ಕೀರ್ತಿ ಅದು. ನೈಮಾ ಅವರ ಹಾದಿ ಬೇರೆ. ಅಪೆರೆಟಾದ ನಾಯಕಿಗೆ ವಯಸ್ಸಾದರೆ ರಂಗದಲ್ಲಿ ಜಾಗವಿಲ್ಲ. ಅವರು ಮಾತಿನ ನಾಟಕಗಳತ್ತ ಹೊರಳಿದರು, ನಟನಾ ಶಾಲೆ ನಡೆಸಿದರು.

ಇಲ್ಲೊಂದು ಸಂಗತಿ ಹೇಳಲೇಬೇಕು. ಹಿಟ್ಲರನಿಂದ ತಪ್ಪಿಸಿಕೊಂಡು ದೇಶಾಂತರ ಅಲೆಯುತ್ತಿದ್ದ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಅವರ ನಾಟಕದಲ್ಲಿ, ಸೆನ್ಯೋರಾ ಕರಾರ್ ಎಂಬ ತಾಯಿಯಾಗಿ ನೈಮಾ 1938ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಭಿನಯಿಸಿದರು. ಮರುವರ್ಷ ಬ್ರೆಕ್ಟ್ ಸ್ಟಾಕ್‌ಹೋಮ್ ಬಳಿಯ ಲಿಡಿಂಗೋ ದ್ವೀಪಕ್ಕೇ ಬಂದು ನೆಲೆಸಿ ‘ಮದರ್ ಕರೇಜ್’ ಬರೆದರು. ಮುಖ್ಯ ಪಾತ್ರ ಬರೆಯುವಾಗ ಅವರ ಮನಸ್ಸಿನಲ್ಲಿದ್ದದ್ದು ನೈಮಾ. ಸ್ವೀಡಿಷ್ ಬಾರದ ತಮ್ಮ ಪತ್ನಿ ಹೆಲೆನೆ ವೈಗೆಲ್‌ಗೆಂದು ಮೂಕ ಮಗಳು ಕ್ಯಾಟ್ರಿನ್ ಪಾತ್ರ. ಯುದ್ಧ ಹತ್ತಿರವಾಗುತ್ತಿದ್ದಂತೆ ಬ್ರೆಕ್ಟ್ ಕುಟುಂಬ 1940ರಲ್ಲಿ ಸ್ವೀಡನ್ ಬಿಟ್ಟಿತು. ನಾಟಕ ಮೊದಲು ರಂಗ ಕಂಡದ್ದು 1941ರಲ್ಲಿ, ಜ್ಯೂರಿಕ್‌ನಲ್ಲಿ, ತೆರೆಸೆ ಗೀಸೆ ಅಭಿನಯದಲ್ಲಿ. ಇಪ್ಪತ್ತನೇ ಶತಮಾನದ ದೊಡ್ಡ ಪಾತ್ರಗಳಲ್ಲೊಂದು, ಹಾಡುವ ನಾಯಕಿಯ ಕಾಲ ಮುಗಿದಿದ್ದ ಒಬ್ಬ ಕಲಾವಿದೆಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿತು.

ಬರ್ಗ್‌ಮನ್ ಚಿತ್ರಗಳಿಗೆ ಅವರು ಬಂದದ್ದು ಅರವತ್ತರ ಹತ್ತಿರದಲ್ಲಿ. 1949ರ ‘ಥರ್ಸ್ಟ್’ನಲ್ಲಿ ಬ್ಯಾಲೆ ಶಿಕ್ಷಕಿ. 1955ರ ‘ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್’ನಲ್ಲಿ ಮುದಿ ಆರ್ಮ್‌ಫೆಲ್ಟ್; ತನ್ನ ಪ್ರೇಮಗಳ ಕಥೆ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದಕ್ಕೆ ಬಂಗಲೆಯನ್ನೇ ಪಡೆದ ಹೆಂಗಸು. ಹಾಸಿಗೆಯಲ್ಲಿ ಕೂತು ಒಬ್ಬಳೇ ಇಸ್ಪೀಟು ಆಡುತ್ತಾ ಮಗಳಿಗೆ ಬುದ್ಧಿ ಹೇಳುವ ಅವಳ ಒಂದೊಂದು ಮಾತೂ ತಾಳಕ್ಕೆ ಬಿದ್ದಂತಿದೆ. ಈ ಚಿತ್ರವನ್ನು ಅಮೆರಿಕದ ಸ್ಟೀಫನ್ ಸಾಂಡ್‌ಹೈಮ್ 1973ರಲ್ಲಿ ಸಂಗೀತ ನಾಟಕವಾಗಿಸಿದ್ದು ಸಹಜವೇ. ಚಿತ್ರದ ನಡೆಯಲ್ಲೇ ಅಪೆರೆಟಾ ಇತ್ತು. ‘ದಿ ಮೆಜಿಶಿಯನ್’ನಲ್ಲಿ ಅವರು ಮದ್ದು ಮಾರುವ ಅಜ್ಜಿ. 1968ರ ‘ಅವರ್ ಆಫ್ ದಿ ವುಲ್ಫ್’ನಲ್ಲಿ ಟೋಪಿ ತೊಟ್ಟ ವೃದ್ಧೆ. ಅವಳು ತನ್ನ ಮುಖವನ್ನೇ ಕಳಚಿಡುವ ದೃಶ್ಯ ನೋಡಿದವರು ಮರೆಯಲಾರರು. ಅದೇ ವರ್ಷ ಅಕ್ಟೋಬರ್‌ನಲ್ಲಿ, 78ನೇ ವಯಸ್ಸಿನಲ್ಲಿ, ನೈಮಾ ತೀರಿಕೊಂಡರು.

ಈ ಪಾತ್ರಗಳಲ್ಲಿ ಯಾವುದೂ ಆಶೀರ್ವಾದ ಮಾಡಿ ಮರೆಗೆ ಸರಿಯುವ ಅಜ್ಜಿಯಲ್ಲ. ಒಬ್ಬಳಿಗೆ ಹಟ, ಇನ್ನೊಬ್ಬಳಿಗೆ ಕಪಟ, ಮತ್ತೊಬ್ಬಳಿಗೆ ಹೃದಯವೇ ಹೆಪ್ಪುಗಟ್ಟಿದೆ. ವಯಸ್ಸಾದ ನಟಿಯ ಮುಂದೆ ಕಣ್ಣೀರು ಮತ್ತು ಪೂಜೆಯ ತಟ್ಟೆ ಬಿಟ್ಟು ಬೇರೇನೂ ಇಡದ ಚಿತ್ರಕಥೆಗಾರರು ಇದನ್ನು ಗಮನಿಸಬೇಕು. ಕಂಠ ಸೋತಿತೆಂದು ಕಲಾವಿದೆಯನ್ನು ಮನೆಗೆ ಕಳಿಸಿದರೆ ನಷ್ಟ ಆಕೆಯೊಬ್ಬಳದಲ್ಲ. ದಶಕಗಳ ರಂಗಾನುಭವವನ್ನು ನೋಡುಗರೂ ಕಳೆದುಕೊಳ್ಳುತ್ತಾರೆ.

ನಮ್ಮ ಫಿಲಂ ಸೊಸೈಟಿಗಳು ಬರ್ಗ್‌ಮನ್ ಚಿತ್ರಗಳನ್ನು ಇಂದಿಗೂ ಶ್ರದ್ಧೆಯಿಂದ ತೋರಿಸುತ್ತವೆ. ಮುಂದಿನ ಸಲ ಪರಿಚಯ ಪತ್ರದಲ್ಲಿ ನಾಯಕ, ನಾಯಕಿಯರ ಜೊತೆಗೆ ನೈಮಾ ವಿಫ್‌ಸ್ಟ್ರಾಂಡ್ ಹೆಸರನ್ನೂ ಅಚ್ಚು ಹಾಕಲಿ. ಆರ್ಮ್‌ಫೆಲ್ಟ್‌ಳ ಚಿತ್ರ, ಗಡಿಯಾರದ ತಾಯಿಯ ಚಿತ್ರ, ಎರಡನ್ನೂ ಒಂದರ ಹಿಂದೊಂದು ಒಂದೇ ದಿನ ತೋರಿಸಲಿ.