ಪರದೇಶಿ ಮತ್ತು ಹಂಗು

ಬೇರೆ ದೇಶಕ್ಕೆ ಹೋಗಿ ನೆಲೆಸಿದವನು ಅಲ್ಲಿಯವನಾಗುವುದು ಯಾವಾಗ? ಭಾಷೆ ನಾಲಿಗೆಗೆ ಹತ್ತಿದಾಗ, ಊಟ ಒಗ್ಗಿದಾಗ, ಹಬ್ಬಹರಿದಿನಗಳ ಒಳಗು ತಿಳಿದಾಗ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಮೆಕ್ಸಿಕೊದಲ್ಲಿ ಬೇರೂರಲು ಹೋದವರ ಬದುಕನ್ನು ಗಮನಿಸುತ್ತ ಬಂದರೆ ಈ ಉತ್ತರ ಅರ್ಧ ದಾರಿಗೇ ನಿಂತುಬಿಡುತ್ತದೆ. ಈ ಮೂರೂ ಇದ್ದು ಹೊರಗಿನವರಾಗಿಯೇ ಉಳಿದವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಹಿಡಿಯುವ ಗುರುತು ಬೇರೆ. ಆ ಊರಿನ ಒಬ್ಬರಾದರೂ ಬಂದು ಬಾಗಿಲು ತಟ್ಟಿ, ಸಂಕೋಚವಿಲ್ಲದೆ, ‘ಇದು ನಿನ್ನಿಂದ ಆಗಬೇಕು’ ಎಂದು ಕೇಳುವಂತಿರಬೇಕು. ಕೇಳಿದಾಗ ನುಣುಚಿಕೊಳ್ಳಲು ಇವನಿಗೆ ಮನಸ್ಸು ಬರಬಾರದು. ಹಂಗಿಲ್ಲದೆ ಬಾಳುವುದನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ, ಆದರೆ ಹೊಸ ನೆಲದಲ್ಲಿ ಹಂಗಿಲ್ಲದವನಿಗೆ ನಂಟೂ ಇರುವುದಿಲ್ಲ.

ಮೊದಲ ಪಾಠಗಳು ಸುಲಭ, ಖರ್ಚೂ ಇಲ್ಲ. ವೈದ್ಯರ ಕೋಣೆಯ ಹೊರಗೆ ಕಾದು ಕೂತವರ ನಡುವೆ ಹೋಗಿ ಕೂರುವಾಗ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಬೇಕು. ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆಯೇ. ಫೋಂದಾ ಎಂಬ ಸಣ್ಣ ಖಾನಾವಳಿಯಲ್ಲಿ ಉಂಡು ಏಳುವಾಗ ಪಕ್ಕದ ಮೇಜಿನ ಅಪರಿಚಿತರಿಗೂ ‘ಪ್ರೊವೆಚೊ’, ಎಂದರೆ ಉಂಡದ್ದು ಮೈಗೆ ಹತ್ತಲಿ, ಎಂದು ಹಾರೈಸಿ ಹೊರಡುವುದು ವಾಡಿಕೆ. ಕಾಂಬಿ ಎಂದು ಕರೆಯುವ ವ್ಯಾನುಗಳಲ್ಲಿ ಹಿಂದೆ ಕೂತವರ ಚಾರ್ಜು ಕೈಯಿಂದ ಕೈಗೆ ದಾಟಿ ಚಾಲಕನನ್ನು ಮುಟ್ಟುತ್ತದೆ, ಚಿಲ್ಲರೆಯೂ ಅದೇ ಕೈಗಳ ಮೇಲೆ ಹಿಂದಿರುಗುತ್ತದೆ. ನಡುವೆ ಕೂತವನು ಯಾವ ದೇಶದವನಾದರೂ ಕೈ ಚಾಚಬೇಕು. ಕಸದ ಗಾಡಿಯ ಮುಂದೆ ಒಬ್ಬ ಗಂಟೆ ಬಾರಿಸುತ್ತ ಬಂದರೆ ಚೀಲ ಹಿಡಿದು ಬೀದಿಗಿಳಿಯಬೇಕು, ನೆರೆಯವರ ಮುಖಪರಿಚಯ ಆಗುವುದು ಅಲ್ಲೇ. ಈ ಮರ್ಯಾದೆಗಳು ಸಣ್ಣವಲ್ಲ. ಇವನ್ನು ಕಲಿಯದೆ ವರ್ಷಗಟ್ಟಲೆ ಬದುಕುವವನನ್ನು ಆ ಜನ ಬಾಯಿಬಿಟ್ಟು ಬೈಯುವುದಿಲ್ಲ, ಸುಮ್ಮನೆ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಆದರೂ ಇವುಗಳಿಗೆ ಒಂದು ಮಿತಿ ಇದೆ. ನಮಸ್ಕಾರ ಹೇಳಿದವನು ಯಾರಿಗೂ ಏನನ್ನೂ ಕೊಡಬೇಕಾಗಿ ಬರುವುದಿಲ್ಲ.

ಕೊಡಬೇಕಾಗಿ ಬರುವ ಕಟ್ಟಳೆಗಳು ಮುಂದಿನವು. ಜನವರಿ 6ರ ಮೂರು ರಾಜರ ಹಬ್ಬಕ್ಕೆ ಮನೆಗಳಲ್ಲೂ ಕಚೇರಿಗಳಲ್ಲೂ ರೋಸ್ಕಾ ಎಂಬ ಬಳೆಯಾಕಾರದ ಸಿಹಿ ಬ್ರೆಡ್ಡು ಕೊಯ್ಯುತ್ತಾರೆ. ಅದರೊಳಗೆ ಬಾಲ ಯೇಸುವಿನ ಪುಟಾಣಿ ಗೊಂಬೆಗಳನ್ನು ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಗೊಂಬೆ ಬಂತೋ ಅವರು ಫೆಬ್ರುವರಿ 2ರಂದು ಅಲ್ಲಿದ್ದವರಿಗೆಲ್ಲ ತಮಾಲೆ ತಿನ್ನಿಸಬೇಕು. ಮೆಕ್ಕೆಜೋಳದ ಹಿಟ್ಟಿನೊಳಗೆ ಮಾಂಸವನ್ನೋ ಮೆಣಸಿನಕಾಯಿಯನ್ನೋ ಇಟ್ಟು, ಜೋಳದ ಸಿಪ್ಪೆಯಲ್ಲೋ ಬಾಳೆಲೆಯಲ್ಲೋ ಸುತ್ತಿ, ಹಬೆಯಲ್ಲಿ ಬೇಯಿಸುವ ಈ ತಿಂಡಿಯನ್ನು ಇಪ್ಪತ್ತು ಮಂದಿಗೆ ಒದಗಿಸುವುದು ಹಗುರದ ಕೆಲಸವಲ್ಲ. ಗೊಂಬೆಗೆ ಸ್ವದೇಶಿ ಪರದೇಶಿ ಎಂಬ ಭೇದವಿಲ್ಲ. ಅದು ಸಿಕ್ಕವನಿಗೆ ನಾಲ್ಕು ವಾರಗಳ ಒಂದು ಸಾಲ ಅಂಟಿಕೊಂಡಿತು, ಆ ಸಾಲದ ಜೊತೆಗೆ ಫೆಬ್ರುವರಿಯವರೆಗೆ ಆ ಗುಂಪಿನಲ್ಲಿ ಅವನಿಗೊಂದು ಜಾಗವೂ ಸಿಕ್ಕಿತು.

ಇದಕ್ಕಿಂತ ಆಳವಾದದ್ದು ಪದ್ರೀನೊ ಸಂಬಂಧ. ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮಪಿತ ಬೇಕು ಎಂಬಲ್ಲಿಂದ ಹೊರಟ ಈ ಕ್ರೈಸ್ತ ಪದ್ಧತಿ ಮೆಕ್ಸಿಕೊದಲ್ಲಿ ಟಿಸಿಲೊಡೆದು ಹರಡಿದೆ. ಹುಡುಗಿಗೆ ಹದಿನೈದು ತುಂಬಿದ ಸಂಭ್ರಮಕ್ಕೆ ಕೇಕಿನ ಪದ್ರೀನೊ ಒಬ್ಬ, ಉಡುಪಿಗೆ ಇನ್ನೊಬ್ಬ, ವಾದ್ಯದವರಿಗೆ ಮತ್ತೊಬ್ಬ. ಒಂದು ಮನೆಯ ಕಾರ್ಯ ಹತ್ತು ಹೆಗಲ ಮೇಲೆ ನಿಲ್ಲುತ್ತದೆ. ಹೊರಗಿನಿಂದ ಬಂದವನನ್ನು ಯಾರಾದರೂ ಹೀಗೆ ಕೇಳಿದಾಗ ಅವನಲ್ಲಿ ಮೊದಲು ಏಳುವುದು ಗುಮಾನಿ: ನನ್ನ ದುಡ್ಡಿಗೆ ಕಣ್ಣು ಹಾಕಿದ್ದಾರೆಯೇ? ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೂ ದುಡ್ಡಿನ ಲೆಕ್ಕವನ್ನಷ್ಟೇ ನೋಡುವವನಿಗೆ ಉಳಿದರ್ಧ ಕಾಣುವುದಿಲ್ಲ. ಮಗುವಿಗೆ ಪದ್ರೀನೊ ಆದವನು ಆ ತಾಯ್ತಂದೆಗೆ ಕೊಂಪಾದ್ರೆ ಆಗುತ್ತಾನೆ. ನಂಟು ಆಯುಷ್ಯದುದ್ದಕ್ಕೂ ಇರುತ್ತದೆ. ಇವನು ಕಾಯಿಲೆ ಬಿದ್ದರೆ ಗಂಜಿ ತರುವವರು, ಸತ್ತರೆ ಒಂಬತ್ತು ರಾತ್ರಿ ಕೂತು ಜಪಮಾಲೆ ಹೇಳುವವರು ಅವರೇ. ಕೇಕಿನ ಬೆಲೆಗೆ ಇಷ್ಟು ಬಂಧುಗಳು ಬೇರೆಲ್ಲಿ ಸಿಕ್ಕಾರು? ಅದನ್ನು ಬೆಲೆ ಎಂದು ನೋಡುವುದೇ ಅಳತೆ ತಪ್ಪಿದಂತೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುವುದು ತಾಂದಾ. ಹತ್ತು ಮಂದಿ ಸೇರಿ ಹದಿನೈದು ದಿನಕ್ಕೊಮ್ಮೆ ಬರುವ ಸಂಬಳದಿಂದ ತಲಾ ಸಾವಿರ ಪೆಸೊ ಹಾಕುತ್ತಾರೆ ಎಂದಿಟ್ಟುಕೊಳ್ಳಿ, ಪ್ರತಿ ಸರದಿಯಲ್ಲಿ ಒಬ್ಬರು ಹತ್ತು ಸಾವಿರ ಎತ್ತಿಕೊಳ್ಳುತ್ತಾರೆ. ನಮ್ಮ ಚೀಟಿ ವ್ಯವಹಾರದಂತೆಯೇ, ಆದರೆ ಹರಾಜು ಕೂಗುವುದಿಲ್ಲ. ಸರದಿಯ ನಂಬರು ಮೊದಲೇ ಗೊತ್ತಾಗಿರುತ್ತದೆ. ಮೊದಲ ನಂಬರಿನವನಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವನಿಗೆ ಉಳಿತಾಯ. ಕಾಗದಪತ್ರವಿಲ್ಲ, ಬ್ಯಾಂಕಿಲ್ಲ. ಮೊದಲಿಗೇ ಎತ್ತಿಕೊಂಡು ಊರು ಬಿಟ್ಟವನನ್ನು ಹಿಡಿಯಲು ಯಾವ ಉಪಾಯವೂ ಇಲ್ಲ. ಆದ್ದರಿಂದ, ಓಡಿಹೋಗುವವನಲ್ಲ ಎಂದು ಖಾತ್ರಿಯಾಗದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಐದು ವರ್ಷ ನೆಲೆಸಿ, ಭಾಷೆ ಮತ್ತು ಇತಿಹಾಸದ ಪರೀಕ್ಷೆ ಬರೆದು ಮೆಕ್ಸಿಕೊ ಸರ್ಕಾರದಿಂದ ಪಡೆಯುವ ಪೌರತ್ವದ ಪತ್ರಕ್ಕಿಂತ, ಕಚೇರಿಯ ಗುಮಾಸ್ತೆಯೊಬ್ಬಳು ‘ನಮ್ಮ ತಾಂದಾದಲ್ಲಿ ಒಂದು ನಂಬರು ಖಾಲಿ ಇದೆ’ ಎಂದು ಕರೆಯುವುದು ಹೆಚ್ಚಿನ ಮಾತು ಎಂದು ನಾನು ನಂಬುತ್ತೇನೆ. ಸರ್ಕಾರ ನೋಡುವುದು ಅವನು ಎಷ್ಟು ಕಾಲ ಇದ್ದ ಎಂಬುದನ್ನು, ಆ ಹೆಂಗಸು ನೋಡುವುದು ಇನ್ನು ಮುಂದೆ ಇರುತ್ತಾನೆಯೇ ಎಂಬುದನ್ನು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಹಣವುಳ್ಳವನು ಈ ಎಲ್ಲದರಿಂದ ಹೊರಗಿರಬಲ್ಲ. ತಾಂದಾ ಅವನಿಗೆ ಬೇಕಿಲ್ಲ, ಬ್ಯಾಂಕಿದೆ. ಕೊಂಪಾದ್ರೆ ಬೇಕಿಲ್ಲ, ವಿಮೆಯಿದೆ. 2020ರ ಕೋವಿಡ್ ಬಳಿಕ, ಎಲ್ಲಿಂದ ಬೇಕಾದರೂ ಕೆಲಸ ಮಾಡಬಲ್ಲ ಅಮೆರಿಕನ್ನರು ದೊಡ್ಡ ಸಂಖ್ಯೆಯಲ್ಲಿ ಮೆಕ್ಸಿಕೊ ನಗರದ ರೋಮಾ, ಕೊಂದೇಸಾ ಬಡಾವಣೆಗಳಿಗೆ ಬಂದರು. ಸಂಬಳ ಡಾಲರಿನಲ್ಲಿ, ಖರ್ಚು ಪೆಸೊದಲ್ಲಿ. 2022ರ ಅಕ್ಟೋಬರಿನಲ್ಲಿ, ಆಗ ನಗರದ ಆಡಳಿತದ ಮುಖ್ಯಸ್ಥೆಯಾಗಿದ್ದ ಕ್ಲಾಡಿಯಾ ಶೇನ್‌ಬಾಮ್, ಇಂಥವರನ್ನು ಸೆಳೆಯಲು ಏರ್‌ಬಿಎನ್‌ಬಿ ಮತ್ತು ಯುನೆಸ್ಕೊ ಜೊತೆ ಒಪ್ಪಂದ ಮಾಡಿಕೊಂಡರು. ಬಾಡಿಗೆ ಏರಿತು, ಹಳೆಯ ಬಾಡಿಗೆದಾರರು ದೂರದ ಬಡಾವಣೆಗಳಿಗೆ ಸರಿದರು. 2025ರ ಜುಲೈ 4ರಂದು ಅದೇ ಬೀದಿಗಳಲ್ಲಿ ಮೆರವಣಿಗೆ ಹೊರಟು ಅಂಗಡಿಗಳ ಗಾಜು ಒಡೆಯಿತು. ಅಷ್ಟರಲ್ಲಿ ದೇಶದ ಅಧ್ಯಕ್ಷೆಯಾಗಿದ್ದ ಶೇನ್‌ಬಾಮ್, ಅಲ್ಲಿ ಕೇಳಿಬಂದ ಪರದೇಶಿ ದ್ವೇಷವನ್ನು ಖಂಡಿಸಿದರು. ಖಂಡಿಸಿದ್ದು ಸರಿ. ಆದರೆ ಸಿಟ್ಟಿನ ಬುಡದಲ್ಲಿದ್ದದ್ದು ದ್ವೇಷ ಮಾತ್ರವಲ್ಲ. ಮನೆ ಬಿಡಬೇಕಾಗಿ ಬಂದವಳಿಗೆ, ಅವಳ ಮನೆಗೆ ಬಂದು ಸೇರಿದವನು ಒಳ್ಳೆಯ ಸ್ಪ್ಯಾನಿಷ್ ಮಾತಾಡುತ್ತಾನೆ, ಸತ್ತವರ ಹಬ್ಬಕ್ಕೆ ಚೆಂಡುಹೂವಿನ ವೇದಿಕೆ ಕಟ್ಟುತ್ತಾನೆ ಎಂಬುದರಿಂದ ಯಾವ ಸಮಾಧಾನವೂ ಸಿಗುವುದಿಲ್ಲ. ಸಂಸ್ಕೃತಿಯನ್ನು ಪ್ರೀತಿಸಿದರೆ ಸಾಕು ಎನ್ನುವವರು ಈ ಹೆಂಗಸಿಗೆ ಉತ್ತರ ಹೇಳಬೇಕು. ಬಾಡಿಗೆಯ ಕಾನೂನು ಮಾಡುವುದು ಸರ್ಕಾರದ ಕೆಲಸ, ದುರಾಸೆ ಮನೆಮಾಲೀಕನದು, ನಿಜ. ಆದರೂ ಅಕ್ಕಪಕ್ಕದವರು ಎಷ್ಟು ಕೊಡುತ್ತಿದ್ದಾರೆಂದು ಒಮ್ಮೆಯೂ ವಿಚಾರಿಸದೆ, ಕೇಳಿದಷ್ಟು ಕೊಟ್ಟು ಬೀಗದಕೈ ತೆಗೆದುಕೊಂಡವನು ಕೈ ತೊಳೆದುಕೊಳ್ಳುವಂತಿಲ್ಲ.

ಇದೇ ರೋಮಾದಲ್ಲಿ ನೂರು ವರ್ಷಗಳ ಹಿಂದೆ ಒಬ್ಬ ಭಾರತೀಯ ಬಾಡಿಗೆಗಿದ್ದ. ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ, ಅಲ್ಲಿಂದ 1917ರಲ್ಲಿ ಮೆಕ್ಸಿಕೊಗೆ ಬಂದ ಎಂ. ಎನ್. ರಾಯ್ ಸ್ಪ್ಯಾನಿಷ್ ಕಲಿತು, ಪತ್ರಿಕೆಗೆ ಬರೆದು, 1919ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಹುಟ್ಟಿನಲ್ಲಿ ಮುಖ್ಯ ಪಾತ್ರ ವಹಿಸಿದರು. ಮೆಕ್ಸಿಕೊದ 1917ರ ಸಂವಿಧಾನದ 33ನೇ ವಿಧಿಯು ಪರದೇಶಿಗಳು ದೇಶದ ರಾಜಕೀಯದಲ್ಲಿ ಯಾವ ರೀತಿಯಲ್ಲೂ ಕೈ ಹಾಕಕೂಡದು ಎನ್ನುತ್ತದೆ, ಅಂಥವರನ್ನು ಹೊರಗಟ್ಟುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತದೆ. ಆಳುವವರು ತಮ್ಮ ಕಡೆಗಿದ್ದುದರಿಂದ ರಾಯ್ ಅವರಿಗೆ ಅದು ತಟ್ಟಲಿಲ್ಲ. ಅವರಿದ್ದ ಮನೆ ಮುಂದೆ ಅವರದೇ ಹೆಸರಿನ ನೈಟ್‌ಕ್ಲಬ್ ಆಯಿತು. 33ನೇ ವಿಧಿ ಈಗಲೂ ಇದೆ, ಹೊರಗಟ್ಟುವ ಮುನ್ನ ವಿಚಾರಣೆ ನಡೆಯಬೇಕೆಂಬ ತಿದ್ದುಪಡಿ ಬಂದದ್ದು 2011ರಲ್ಲಿ. ಸ್ಪೇನ್, ಫ್ರಾನ್ಸ್, ಅಮೆರಿಕಗಳ ಆಕ್ರಮಣಗಳನ್ನು ಒಂದಾದ ಮೇಲೊಂದು ಕಂಡ ದೇಶ ಹೀಗೊಂದು ಬೇಲಿ ಹಾಕಿಕೊಂಡದ್ದು ನನಗೆ ಅರ್ಥವಾಗುತ್ತದೆ. ಆದರೆ ಬೇಲಿಯ ಒಳಗೆ ಬದುಕುವವನ ಕಷ್ಟವೂ ಇದೆ. ನೆರೆಹೊರೆಯವರ ನೀರಿನ ಹೋರಾಟದಲ್ಲಿ ಭಿತ್ತಿಪತ್ರ ಹಿಡಿಯಬಹುದೇ, ಬಾಡಿಗೆದಾರರ ಸಭೆಯಲ್ಲಿ ಮಾತಾಡಬಹುದೇ ಎಂಬ ಅಳುಕು ಅವನನ್ನು ಹಬ್ಬಗಳಿಗಷ್ಟೇ ನೆಂಟನಾಗಿ ಉಳಿಸುತ್ತದೆ. ಕಷ್ಟದಲ್ಲಿ ಕೂಡಬೇಕು, ಬಾಯಿ ಮಾತ್ರ ಬಿಡಬಾರದು ಎಂದರೆ ಹೇಗೆ?

ಸಿನಿಮಾ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಬಾಯಿ ಬಿಟ್ಟರು. ಸ್ಪೇನಿನಿಂದ ದೇಶಭ್ರಷ್ಟರಾಗಿ ತಿರುಗಿ 1946ರಲ್ಲಿ ಮೆಕ್ಸಿಕೊಗೆ ಬಂದು, 1949ರಲ್ಲಿ ಪೌರರಾಗಿ, 1950ರಲ್ಲಿ ‘ಲೋಸ್ ಓಲ್ವಿದಾದೋಸ್’ ತೆಗೆದರು. ರಾಜಧಾನಿಯ ಕೊಳೆಗೇರಿಯ ಮಕ್ಕಳ ಕಥೆ. ನಮ್ಮ ಬಡತನವನ್ನು ಲೋಕಕ್ಕೆ ತೋರಿಸಲು ಈ ಪರದೇಶಿ ಯಾರು ಎಂದು ಜನ ಕೆರಳಿದರು, ಚಿತ್ರ ಕೆಲವೇ ದಿನಗಳಲ್ಲಿ ತೆರೆಯಿಂದ ಇಳಿಯಿತು. ಮರುವರ್ಷ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದ ಮೇಲೆ ಅದೇ ಚಿತ್ರ ಮೆಕ್ಸಿಕೊದ ಹೆಮ್ಮೆಯಾಯಿತು. ಪ್ರಶಸ್ತಿ ಬಾರದೇ ಹೋಗಿದ್ದರೂ ಬುನ್ಯುಯೆಲ್ ಮಾಡಿದ್ದು ಸರಿಯೇ ಆಗಿರುತ್ತಿತ್ತು. ಅಲ್ಲೇ ಉಳಿಯುವ ತೀರ್ಮಾನ ಮಾಡಿದವನಿಗೆ ಆ ಮಕ್ಕಳನ್ನು ಕಂಡೂ ಕಾಣದಂತೆ ಇರಲಾಗದು. ಅವರು 1983ರಲ್ಲಿ ಮೆಕ್ಸಿಕೊ ನಗರದಲ್ಲೇ ತೀರಿಕೊಂಡರು.

ಪಾಂಡುರಂಗ ಖಾನ್‌ಖೋಜೆ ಹಿಡಿದ ದಾರಿ ಇನ್ನೊಂದು, ನನಗೆ ಹೆಚ್ಚು ಪ್ರಿಯವಾದದ್ದು. ವರ್ಧಾದ, ಬ್ರಿಟಿಷರ ವಿರುದ್ಧದ ಗದರ್ ಪಕ್ಷದ ಈ ಕ್ರಾಂತಿಕಾರಿ 1924ರಲ್ಲಿ ಮೆಕ್ಸಿಕೊ ಸೇರಿ, ಚಾಪಿಂಗೊದ ಕೃಷಿ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಮೆಕ್ಕೆಜೋಳದ ತಳಿಗಳ ಮೇಲೆ ದುಡಿದರು. ರೈತರಿಗೆಂದೇ ಶುಲ್ಕವಿಲ್ಲದ ಕೃಷಿಶಾಲೆಗಳನ್ನು ಕಟ್ಟಲು ಓಡಾಡಿದರು. ಚಿತ್ರಕಾರ ದಿಯೆಗೊ ರಿವೇರಾ ಶಿಕ್ಷಣ ಇಲಾಖೆಯ ಗೋಡೆಯ ಮೇಲೆ ಬಿಡಿಸಿದ ಚಿತ್ರವೊಂದರಲ್ಲಿ ಮೇಜಿನ ತಲೆಯಲ್ಲಿ ಕೂತು ರೊಟ್ಟಿ ಹಂಚುತ್ತಿರುವ ವ್ಯಕ್ತಿ ಇವರೇ. ಮೆಕ್ಕೆಜೋಳ ಆ ನೆಲದ ಪ್ರಾಣ, ಅಲ್ಲಿಯೇ ಹುಟ್ಟಿದ ಬೆಳೆ. ಅದರ ಬಗ್ಗೆ ಅಲ್ಲಿನ ರೈತನಿಗೆ ಹೇಳಲು ಹೊರಟ ಪರದೇಶಿಗೆ ಮೊದಲು ಆ ರೈತನಿಂದ ಕಲಿಯುವ ತಾಳ್ಮೆ ಬೇಕಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅವರು ಭಾರತಕ್ಕೆ ಮರಳಿ 1967ರಲ್ಲಿ ತೀರಿಕೊಂಡರು. 2022ರಲ್ಲಿ ಚಾಪಿಂಗೊದಲ್ಲಿ ಅವರ ಪ್ರತಿಮೆ ನಿಂತಿತು.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಎದುರಾಗುವ ಒಂದು ಚರಿತ್ರೆಯನ್ನು ಮುಚ್ಚಿಡಬಾರದು. ಉತ್ತರದ ಸೊನೋರಾ ಪ್ರಾಂತದಲ್ಲಿ ನೆಲೆಸಿದ್ದ ಚೀನಿಯರು ಸ್ಪ್ಯಾನಿಷ್ ಮಾತಾಡುತ್ತಿದ್ದರು, ಊರೂರಲ್ಲಿ ದಿನಸಿ ಅಂಗಡಿ ಇಟ್ಟಿದ್ದರು, ಹಲವರು ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿದ್ದರು. ಹಂಗಿನ ಎಳೆಗಳು ಅವರಿಗೆ ಏನೂ ಕಡಿಮೆ ಇರಲಿಲ್ಲ. ಆದರೂ 1930ರ ದಶಕದ ಆರಂಭದಲ್ಲಿ ಅವರನ್ನು ಓಡಿಸಿದರು. ಪರದೇಶಿಯನ್ನು ಕಟ್ಟಿಕೊಂಡ ತಪ್ಪಿಗೆ ಹೆಂಡತಿಯರೂ ಪೌರತ್ವ ಕಳೆದುಕೊಂಡು, ಮಕ್ಕಳನ್ನು ಎತ್ತಿಕೊಂಡು ಗುರುತಿಲ್ಲದ ಚೀನಾಕ್ಕೆ ಹೋದರು. ಅದಕ್ಕೂ ಮೊದಲು, 1911ರಲ್ಲಿ, ತೊರ್ರೆಯೋನ್ ನಗರದಲ್ಲಿ ಸುಮಾರು 300 ಚೀನಿಯರ ಕೊಲೆಯಾಗಿತ್ತು. ಅದಕ್ಕೆ ಮೆಕ್ಸಿಕೊ ಕ್ಷಮೆ ಕೇಳಿದ್ದು 2021ರಲ್ಲಿ. ಬಂದವನು ಎಷ್ಟು ಬೆರೆತರೂ, ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಲು ಇದ್ದವರು ಒಪ್ಪದಿದ್ದರೆ ಬೆಸುಗೆ ನಿಲ್ಲುವುದಿಲ್ಲ. ಹೊಸಬನ ಕರ್ತವ್ಯದ ಮಾತನ್ನು ಕೋಲಾಗಿ ಹಿಡಿದವರ ಕೈಗೆ ನನ್ನ ವಾದ ಸಿಗದಿರಲಿ. ಇದೇ ಮೆಕ್ಸಿಕೊ 1939ರಲ್ಲಿ, ಲಾಸಾರೊ ಕಾರ್ದೆನಾಸ್ ಅಧ್ಯಕ್ಷರಾಗಿದ್ದಾಗ, ಅಂತರ್ಯುದ್ಧದಲ್ಲಿ ಸೋತ ಸ್ಪೇನಿನ ಗಣರಾಜ್ಯವಾದಿಗಳನ್ನು ಹಡಗುಗಟ್ಟಲೆ ವೆರಾಕ್ರೂಸ್ ಬಂದರಿಗೆ ಬರಮಾಡಿಕೊಂಡಿತು.  ಬಂದ ಪಂಡಿತರಿಗೆಂದು ತೆರೆದ ಮನೆಯೇ ಮುಂದೆ ಎಲ್ ಕೊಲೇಹಿಯೊ ದೆ ಮೆಹಿಕೊ ಎಂಬ ದೊಡ್ಡ ವಿದ್ಯಾಸಂಸ್ಥೆಯಾಯಿತು. ಅಮೆರಿಕದ ಬಾಗಿಲು ಮುಚ್ಚಿದ್ದರಿಂದ 2016ರಲ್ಲಿ ಗಡಿಯೂರು ತಿಹುವಾನಾದಲ್ಲಿ ಸಿಕ್ಕಿಬಿದ್ದ ಹೈಟಿಯ ಜನ ಅಲ್ಲಿನ ಕಾರ್ಖಾನೆ, ಖಾನಾವಳಿಗಳಲ್ಲಿ ದುಡಿಯುತ್ತ ಊರಿನ ಭಾಗವಾದದ್ದೂ ಬಾಗಿಲು ತೆರೆದದ್ದರಿಂದಲೇ.

ನಮ್ಮವರ ವಿಷಯಕ್ಕೆ ಬಂದರೆ, ಬೆಂಗಳೂರಿನ ಇನ್ಫೋಸಿಸ್ 2007ರಿಂದ ಮಾಂಟೆರ್ರೆ ನಗರದಲ್ಲಿದೆ, ಇತರ ಭಾರತೀಯ ಕಂಪನಿಗಳೂ ಅಲ್ಲಿ ಮತ್ತು ಗುವಾದಲಹಾರಾದಲ್ಲಿ ಇವೆ. ಎರಡು ಮೂರು ವರ್ಷಕ್ಕೆಂದು ಹೋಗುವ ಎಂಜಿನಿಯರನ ಪ್ರಶ್ನೆ ನ್ಯಾಯವಾದದ್ದೇ: ಬೇಗ ಹೊರಡುವವನಿಗೆ ಕೊಂಪಾದ್ರೆ, ತಾಂದಾಗಳ ಉಸಾಬರಿ ಏಕೆ? ಇರಲಿ, ಅವನನ್ನು ಯಾರೂ ಅದಕ್ಕೆ ಎಳೆಯುವುದಿಲ್ಲ. ಆದರೆ ಅವನ ಮನೆ ಗುಡಿಸಿ ಅಡುಗೆ ಮಾಡಲು ಬರುವ ಹೆಂಗಸಿಗೆ ಅವನು ಯಜಮಾನ. ಹೊರಡುವ ದಿನ ಗೊತ್ತಿದ್ದ ಮಾತ್ರಕ್ಕೆ ಆ ಋಣ ಕಡಿಮೆಯಾಗುವುದಿಲ್ಲ. 2019ರ ನಂತರದ ಕಾನೂನು ತಿದ್ದುಪಡಿಗಳಿಂದ ಮನೆಗೆಲಸದವರನ್ನು ಸಾಮಾಜಿಕ ವಿಮೆಗೆ ನೋಂದಾಯಿಸುವುದು ಮೆಕ್ಸಿಕೊದಲ್ಲಿ ಕಡ್ಡಾಯವಾಗಿದೆ. ವರ್ಷಾಂತ್ಯದ ಬೋನಸ್ಸಾಗಿ ಕನಿಷ್ಠ 15 ದಿನದ ಸಂಬಳವನ್ನು ಡಿಸೆಂಬರ್ 20ರೊಳಗೆ ಕೊಡಬೇಕೆಂಬುದೂ ಕಾನೂನೇ. ಅಲ್ಲಿನ ಎಷ್ಟೋ ಉಳ್ಳವರೇ ನೋಂದಣಿ ಮಾಡಿಸದೆ ನಡೆಸುತ್ತಿದ್ದಾರೆ. ಹೊಸಬನಿಗೆ ‘ಇಲ್ಲಿ ಹೀಗೇ ನಡೆಯುತ್ತದೆ’ ಎಂದು ಮೊದಲು ಹೇಳಿಕೊಡುವವರೂ ಅವರೇ, ಮತ್ತು ಒಂದು ಸಂಸ್ಕೃತಿಗೆ ಒಗ್ಗಿಕೊಳ್ಳುವುದೆಂದರೆ ಅದರ ಅನ್ಯಾಯಕ್ಕೂ ಒಗ್ಗಿಕೊಳ್ಳುವುದೆಂದು ತಿಳಿದವನು ಆ ಮಾತನ್ನು ಥಟ್ಟನೆ ಒಪ್ಪಿಬಿಡುತ್ತಾನೆ. ಆ ಹೆಂಗಸಿನ ಹೆಸರನ್ನು ವಿಮಾ ಕಚೇರಿಯಲ್ಲಿ ಬರೆಸಲು ಸ್ಪ್ಯಾನಿಷ್ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಪಕ್ಕದ ಮನೆಯವರನ್ನು ಒಂದು ಸಲ ಜೊತೆಗೆ ಕರೆದರೆ ಅವರು ಬರುತ್ತಾರೆ, ಆಗ ಅವರಿಗೂ ಇವನು ಒಂದು ಉಪಕಾರದ ಬಾಕಿದಾರ.