ಒಂದು ಸಾಲಿನ ವ್ಯಾಪಾರ

ಸಂಜೆ ಬೀದಿಯ ತಿರುವಿನಲ್ಲಿ ಗಾಡಿ ನಿಲ್ಲಿಸುವ ಕಡಲೆಕಾಯಿ ವ್ಯಾಪಾರಿಗೆ ಜಾಹೀರಾತು ಬೇಕಿಲ್ಲ. ನಿತ್ಯ ಅದೇ ಜಾಗ, ಅದೇ ಹೊತ್ತು. ಗಿರಾಕಿ ತಾನಾಗಿಯೇ ಬರುತ್ತಾನೆ. ಆದರೆ ಗಾಡಿ ದಿನಕ್ಕೊಂದು ಬೀದಿಯಲ್ಲಿ ನಿಲ್ಲುವುದಾದರೆ? ಹಸಿದವನು ಅದನ್ನು ಎಲ್ಲಿ ಹುಡುಕಬೇಕು?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2008ರ ನವೆಂಬರ್‌ನಲ್ಲಿ ರಸ್ತೆಗಿಳಿದ ‘ಕೋಗಿ’ ಎಂಬ ತಿಂಡಿ ವ್ಯಾನಿನ ಮುಂದಿದ್ದ ಪ್ರಶ್ನೆಯೂ ಇದೇ. ಅದರ ಬಾಣಸಿಗ ರಾಯ್ ಚಾಯ್ ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಮೆಕ್ಸಿಕೊದವರ ಪುಟ್ಟ ರೊಟ್ಟಿಯೊಳಗೆ ಕೊರಿಯಾ ರುಚಿಯ ಸುಟ್ಟ ಮಾಂಸ ಇಟ್ಟು ಕೊಡುವುದು ಇವರ ವಿಶೇಷ. ತಿಂಡಿಯೇನೋ ಹೊಸದು, ರುಚಿಯೂ ಇತ್ತು. ಆದರೆ ವ್ಯಾನು ಈ ಹೊತ್ತು ಒಂದು ಬಡಾವಣೆಯಲ್ಲಿದ್ದರೆ ಇನ್ನೊಂದು ಹೊತ್ತು ಇನ್ನೊಂದು ಬಡಾವಣೆಯಲ್ಲಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೂ ಅದು ಅಚ್ಚಾಗಿ ಬರುವಷ್ಟರಲ್ಲಿ ವ್ಯಾನು ಬೇರೆ ಕಡೆ ಹೋಗಿರುತ್ತಿತ್ತು.

ಆಗ ಅವರ ಕೈಗೆ ಸಿಕ್ಕಿದ್ದು ಟ್ವಿಟರ್. 2006ರಲ್ಲಿ ಹುಟ್ಟಿದ ಈ ಜಾಲತಾಣದಲ್ಲಿ ಒಂದು ಸಂದೇಶಕ್ಕೆ 140 ಅಕ್ಷರಗಳ ಮಿತಿ ಇತ್ತು. ಈ ಲೆಕ್ಕಕ್ಕೂ ಒಂದು ಕಾರಣವುಂಟು. ಮೊಬೈಲ್‌ನ ಎಸ್ಸೆಮ್ಮೆಸ್ಸಿಗೆ ಇದ್ದ ಮಿತಿ 160 ಅಕ್ಷರ. ಅದರಲ್ಲಿ 20ನ್ನು ಬರೆದವರ ಹೆಸರಿಗೆ ಬಿಟ್ಟು, ಉಳಿದದ್ದನ್ನು ಮಾತಿಗೆ ಕೊಟ್ಟರು. 2017ರಲ್ಲಿ ಮಿತಿ 280ಕ್ಕೆ ಏರಿತು.

ಕೋಗಿಯವರು ಅಲ್ಲಿ ತಮ್ಮ ತಿಂಡಿಯನ್ನು ಹೊಗಳಿಕೊಳ್ಳುತ್ತಾ ಕೂರಲಿಲ್ಲ. ವ್ಯಾನು ಎಲ್ಲಿ ನಿಲ್ಲುತ್ತದೆ, ಎಷ್ಟು ಗಂಟೆಗೆ ಬರುತ್ತದೆ ಎಂದು ತಿಳಿಸಿದರು. ಜನ ಫೋನು ನೋಡಿಕೊಂಡು ಬಂದರು. ನೂರಾರು ಮಂದಿ ಸಾಲು ನಿಂತರು. 2010ರಲ್ಲಿ ‘ಫುಡ್ ಆ್ಯಂಡ್ ವೈನ್’ ಪತ್ರಿಕೆ ಆ ವರ್ಷದ ಶ್ರೇಷ್ಠ ಹೊಸ ಬಾಣಸಿಗರ ಪಟ್ಟಿಯಲ್ಲಿ ರಾಯ್ ಚಾಯ್ ಅವರ ಹೆಸರನ್ನೂ ಸೇರಿಸಿತು.

ಇದರ ಗುಟ್ಟೇನು? ಗಿರಾಕಿಗೆ ಬೇಕಾದ ಸುದ್ದಿ, ಬೇಕಾದ ಹೊತ್ತಿಗೆ ಸಿಕ್ಕಿತು. ಸಿಕ್ಕಿದ ಸುದ್ದಿ ನಿಜವಾಗಿತ್ತು. ವ್ಯಾನು ಬರುತ್ತದೆಂದು ಬರೆದು ಅದು ಬಾರದೇ ಹೋಗಿದ್ದರೆ, ಎರಡನೆಯ ಸಲ ಯಾರು ಸಾಲು ನಿಲ್ಲುತ್ತಿದ್ದರು?

ಇನ್ನೊಂದು ಉದಾಹರಣೆ ದೊಡ್ಡ ಕಂಪನಿಯದು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಕಾರಿತು. ಯುರೋಪಿನ ಆಕಾಶದಲ್ಲಿ ದಿನಗಟ್ಟಲೆ ವಿಮಾನ ಸಂಚಾರ ನಿಂತಿತು. ಊರು ಸೇರಲಾರದ ಪ್ರಯಾಣಿಕರ ಪ್ರಶ್ನೆಗಳ ಮಹಾಪೂರವೇ ಹರಿಯಿತು. ನೆದರ್ಲೆಂಡ್ಸ್‌ನ ಕೆಎಲ್‌ಎಂ ವಿಮಾನ ಸಂಸ್ಥೆ ತನ್ನ ಸಿಬ್ಬಂದಿಯನ್ನು ಟ್ವಿಟರ್ ಮತ್ತು ಫೇಸ್‌ಬುಕ್ ಮುಂದೆ ಕೂರಿಸಿ ಉತ್ತರ ಕೊಡಿಸಿತು. ಮುಂದೆ ಅದನ್ನೇ ಹಗಲೂ ರಾತ್ರಿಯೂ ನಡೆಯುವ ಸೇವೆಯಾಗಿ ಬೆಳೆಸಿತು. ಜಾಹೀರಾತಿಗೆ ಬಾಯಿ ಮಾತ್ರ ಇರುತ್ತದೆ. ಇಲ್ಲಿ ಕಿವಿಯೂ ಬೇಕು.

ಕಿವಿ ಮುಚ್ಚಿಕೊಂಡು ಬಾಯಿ ತೆರೆದವರ ಪಾಡೇನು? 2014ರಲ್ಲಿ ಅಮೆರಿಕದ ಹೆಣ್ಣುಮಕ್ಕಳು, ಹೊಡೆಯುವ ಸಂಗಾತಿಯನ್ನು ತಾವು ಯಾಕೆ ಬಿಟ್ಟು ಬರಲಿಲ್ಲ ಎಂಬ ನೋವಿನ ಕಥೆಗಳನ್ನು ಟ್ವಿಟರ್‌ನಲ್ಲಿ ಒಂದೇ ತಲೆಬರಹದಡಿ ಬರೆಯುತ್ತಿದ್ದರು. ಪಿಜ್ಜಾ ಕಂಪನಿಯೊಂದು ವಿಷಯವೇನೆಂದು ಓದದೆ, ಅದೇ ತಲೆಬರಹ ಬಳಸಿ ತನ್ನ ಪಿಜ್ಜಾದ ಬಗ್ಗೆ ಹಾಸ್ಯ ಮಾಡಿತು. ಕೆಲವೇ ನಿಮಿಷಗಳಲ್ಲಿ ತಪ್ಪು ತಿಳಿದು ಅಳಿಸಿತು. ನೊಂದವರಿಗೆ ಒಬ್ಬೊಬ್ಬರಿಗೂ ಕ್ಷಮೆ ಕೇಳಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕಾಮರ್ಸ್ ಓದುವ, ಪತ್ರಿಕೋದ್ಯಮ ಓದುವ ಅನೇಕ ವಿದ್ಯಾರ್ಥಿಗಳಿಗೆ ಇಂದು ಈ ಕೆಲಸದ ಮೇಲೆ ಕಣ್ಣಿದೆ. ಮಗ ಸದಾ ಮೊಬೈಲ್ ಹಿಡಿದಿರುತ್ತಾನೆ, ಇದೂ ಒಂದು ಉದ್ಯೋಗವೇ ಎಂದು ತಂದೆ ತಾಯಿ ಕೇಳುವುದುಂಟು. ಇಬ್ಬರೂ ಅರ್ಥಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಮೊಬೈಲ್ ನೋಡುವ ಚಟವೇ ಬೇರೆ, ಈ ಕಸುಬೇ ಬೇರೆ. ಕಸುಬಿಗೆ ಭಾಷೆಯ ಮೇಲೆ ಹಿಡಿತ ಬೇಕು, ಸಿಟ್ಟಿನ ಗಿರಾಕಿಗೆ ತಣ್ಣಗೆ ಉತ್ತರಿಸುವ ತಾಳ್ಮೆ ಬೇಕು, ಗೊತ್ತಿಲ್ಲದ್ದನ್ನು ಬರೆಯದಿರುವ ಸಂಯಮ ಬೇಕು.

ಮನೆಯಲ್ಲೇ ಒಂದು ಅಭ್ಯಾಸ ಮಾಡಬಹುದು. ಪರಿಚಯದ ಬೇಕರಿಯನ್ನೋ ಪುಸ್ತಕದಂಗಡಿಯನ್ನೋ ಆರಿಸಿಕೊಂಡು, ಇವತ್ತು ಅಲ್ಲಿಗೆ ಯಾಕೆ ಹೋಗಬೇಕೆಂದು 140 ಅಕ್ಷರಗಳಲ್ಲಿ ಬರೆಯುವುದು. ಕನ್ನಡದಲ್ಲಿ ಇಕ್ಕಟ್ಟು ಇನ್ನೂ ಹೆಚ್ಚು. ‘ಕ್ಷ’ ನಮ್ಮ ಕಣ್ಣಿಗೆ ಒಂದಾದರೂ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು. ಬರೆದದ್ದನ್ನು ತಾಯಿ ಓದಲಿ. ಓದಿ, ‘ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ?’ ಎಂದು ಕೇಳಿದರೆ ಬರವಣಿಗೆ ಸೋತಿತೆಂದೇ ಅರ್ಥ.

ಒಂದು ಎಚ್ಚರವೂ ಇರಲಿ. ಜಾಲತಾಣ ಬಾಡಿಗೆಯ ಮಳಿಗೆಯಿದ್ದಂತೆ. ಟ್ವಿಟರ್ ಮಾಲೀಕರು ಬದಲಾಗಿ, 2023ರಲ್ಲಿ ಅದರ ಹೆಸರೂ ‘ಎಕ್ಸ್’ ಆಯಿತು. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾಗಿ, ಕನ್ನಡಿಗರಿಗೂ ತಮ್ಮ ನುಡಿಯಲ್ಲೇ ಬರೆಯಲು ಜಾಗ ಕೊಟ್ಟ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಕೂಡಿಹಾಕಿದ ಹಿಂಬಾಲಕರ ಲೆಕ್ಕ ಅಲ್ಲಿಗೇ ಮುಗಿಯಿತು.

ಕಡಲೆಕಾಯಿ ಗಾಡಿಯವನಿಗೆ ಇದಾವುದೂ ತಿಳಿಯದಿರಬಹುದು. ಆದರೆ ಮಳೆ ಬಂದರೂ ಅವನು ಹೇಳಿದ ಹೊತ್ತಿಗೆ ತಿರುವಿನಲ್ಲಿರುತ್ತಾನೆ. ಮೊಬೈಲಿನಲ್ಲಿ ಅಂಗಡಿ ತೆರೆಯುವ ಹುಡುಗ ಹುಡುಗಿಯರು ಮೊದಲು ಕಲಿಯಬೇಕಾದದ್ದು ಅದನ್ನೇ.